ನಲವತ್ತೊಂದು ದಿನದ ಬಿಡುವು

ಬೆಳಿಗ್ಗೆ ಹನ್ನೊಂದು ದಾಟಿ ಹತ್ತು ನಿಮಿಷಕ್ಕೆ, ಪರದೆಯ ಮೇಲೆ ಆರುನೂರ ಹದಿನಾಲ್ಕನೆಯ ಸಾಲಿನಲ್ಲಿ, ಬೆಂಕಿ ತಡೆಯುವ ಬಾಗಿಲುಗಳು ತಮ್ಮ ಮುಂದೆ ಯಾರೂ ಇಲ್ಲದೆ ನಿಂತಿರುವುದು ತಾರೀಖಿನ ಕಣ್ಣಿಗೆ ಬಿತ್ತು. ತಾರೀಖು ಎನ್ನುವುದು ಅವನ ಹೆಸರಲ್ಲ. ಆಸ್ಪತ್ರೆಗೆ ಆರು ಮಹಡಿಯ ಹೊಸ ಕಟ್ಟಡ ಕಟ್ಟುತ್ತಿದ್ದ ಕಂಪನಿಯಲ್ಲಿ ಅವನು ಪ್ಲಾನರ್. ಯಾವ ಕೆಲಸ ಯಾವತ್ತು ಶುರುವಾಗಿ ಯಾವತ್ತು ಮುಗಿಯಬೇಕು ಎಂದು ಕಂಪ್ಯೂಟರಿನಲ್ಲಿ ಬರೆದಿಡುವವನು. ಕಂಬಿ ಕಟ್ಟುವವರಿಂದ ಹಿಡಿದು ಮ್ಯಾನೇಜರ್ ತನಕ ಎಲ್ಲರೂ ಅವನನ್ನು ಕಂಡಾಗ ಕೇಳುತ್ತಿದ್ದದ್ದು ತಾರೀಖೊಂದನ್ನೇ ಆದ್ದರಿಂದ ಕ್ರಮೇಣ ಹೆಸರೂ ಅದೇ ಆಗಿಹೋಯಿತು. ಬಾಗಿಲಿನ ಫ್ಯಾಕ್ಟರಿಯವನು ಫೋನ್ ಮಾಡಿ, “ನಮ್ಮ ಬಾಗಿಲು ಬಂದ್ಮೇಲೆ ಕೂರಿಸೋಕೆ ಎಷ್ಟು ದಿನ ಇಟ್ಕೊಂಡಿದ್ದೀರ ಸರ್?” ಎಂದು ಸುಮ್ಮನೆ ಕೇಳಿದ್ದ. ಇವನು ಗತ್ತಿನಿಂದ “ಒಂದು ನಿಮಿಷ” ಎಂದು ಆ ಸಾಲನ್ನು ತೆರೆದು ನೋಡಿದರೆ, ಒಂದು ದಿನವನ್ನೂ ಇಟ್ಟುಕೊಂಡಿರಲಿಲ್ಲ. ಯಂತ್ರದ ಪ್ರಕಾರ ಬಾಗಿಲುಗಳು ಫ್ಯಾಕ್ಟರಿಯಲ್ಲಿ ತಯಾರಾದರೆ ಮುಗಿಯಿತು. ಅವನ್ನು ಯಾರಾದರೂ ತಂದು ಗೋಡೆಗೆ ಕೂರಿಸಬೇಕು, ಅಗ್ನಿಶಾಮಕದವರು ಬಂದು ನೋಡಿ ಒಪ್ಪಬೇಕು, ಆಮೇಲೇ ಆಸ್ಪತ್ರೆ ತೆರೆಯಬೇಕು ಎಂಬ ಗೊಡವೆಯೇ ಅದಕ್ಕೆ ಇರಲಿಲ್ಲ. “ನೋಡಿ ಹೇಳ್ತೀನಿ” ಎಂದು ಫೋನ್ ಇಟ್ಟ. ಕೈ ತಾನಾಗಿ ಹೋಗಿ ಟೀ ಲೋಟ ಹಿಡಿಯಿತು. ಲೋಟದಲ್ಲಿ ಟೀ ಇರಲಿಲ್ಲ, ಆದರೂ ಕುಡಿದ.

ಅವನ ಕಸುಬಿನ ಗುಟ್ಟೆಲ್ಲ ಇರುವುದು ಒಂದು ಕೆಂಪು ಗೆರೆಯಲ್ಲಿ. ಸಾವಿರದ ನೂರ ನಲವತ್ತು ಕೆಲಸಗಳನ್ನು ಒಂದಕ್ಕೊಂದು ಗಂಟು ಹಾಕಿ, ಇದಾದ ಮೇಲೆ ಅದು, ಅದಾದ ಮೇಲೆ ಇನ್ನೊಂದು ಎಂದು ಹೇಳಿಕೊಟ್ಟರೆ, ಯಾವ ಸರಪಳಿಯಲ್ಲಿ ಒಂದು ದಿನ ತಡವಾದರೆ ಇಡೀ ಕಟ್ಟಡವೇ ಒಂದು ದಿನ ತಡವಾಗುತ್ತದೋ ಆ ಸರಪಳಿಯನ್ನು ಯಂತ್ರ ಕೆಂಪಾಗಿ ತೋರಿಸುತ್ತದೆ. ಉಳಿದವೆಲ್ಲ ಹಸಿರು. ಹಸಿರಿಗೆ ಬಿಡುವುಂಟು, ಆಕಳಿಸಬಹುದು, ಮೈಮುರಿಯಬಹುದು. ಕೆಂಪಿಗೆ ಉಸಿರು ಬಿಡಲೂ ಪುರುಸೊತ್ತಿಲ್ಲ. ಕಳೆದ ಏಳು ತಿಂಗಳಿಂದ ಈ ಕೆಂಪು ಗೆರೆ ಟೈಲ್ಸ್ ಮೇಸ್ತ್ರಿಯ ಮೇಲೆ ಕೂತಿತ್ತು. ಟೈಲ್ಸ್ ಹದಿನೆಂಟು ದಿನ ಹಿಂದೆ ಬಿದ್ದಿತ್ತು, ಆದ್ದರಿಂದ ಕಟ್ಟಡವೂ ಹದಿನೆಂಟು ದಿನ ಹಿಂದೆ. ಪ್ರತಿ ಸೋಮವಾರ ತಾರೀಖು ಬಣ್ಣದ ಹಾಳೆ ಅಚ್ಚು ಹಾಕಿಸಿ ಗೋಡೆಗೆ ಅಂಟಿಸುತ್ತಿದ್ದ, ಪ್ರತಿ ಸೋಮವಾರ ಮ್ಯಾನೇಜರ್ ಅದರ ಮುಂದೆ ನಿಂತು ಮೇಸ್ತ್ರಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದ. ಇವತ್ತು ನಾಲ್ಕು ಗಂಟೆಗೆ ಬೈಯುವುದೂ ಮುಗಿಯಲಿತ್ತು. ಮೇಸ್ತ್ರಿಯನ್ನೂ ಅವನ ಹದಿನಾಲ್ಕು ಜನರನ್ನೂ ಕೆಲಸದಿಂದ ತೆಗೆಯುವ ಪತ್ರ ಸಿದ್ಧವಾಗಿತ್ತು. ಪತ್ರದ ಜೊತೆಗಿಡಲು ಒಂದು ಹಾಳೆ ಬೇಕು, ಕೆಂಪು ಚೆನ್ನಾಗಿ ಕಾಣುವ ಹಾಗೆ, ಎಂದು ಮ್ಯಾನೇಜರ್ ನಿನ್ನೆಯೇ ಹೇಳಿದ್ದ.

ಆಗಿದ್ದೇನೆಂದರೆ, ಮೊದಲು ಕಾರಿಡಾರ್ ಕೆಲಸ ಒಂದೇ ಸಾಲಾಗಿತ್ತು, ಬಾಗಿಲು ಕೂರಿಸುವುದೂ ಅದರೊಳಗೇ ಇತ್ತು. ಏಳು ತಿಂಗಳ ಹಿಂದೆ ಮ್ಯಾನೇಜರ್ “ಪೂರ್ವದ್ದು ಬೇರೆ, ಪಶ್ಚಿಮದ್ದು ಬೇರೆ ಮಾಡ್ರೀ” ಎಂದ. ತಾರೀಖು ಹಳೆಯ ಸಾಲನ್ನು ಅಳಿಸಿ ಹೊಸದಾಗಿ ಎರಡು ಬರೆದ. ಸಾಲು ಅಳಿಸಿದರೆ ಅದಕ್ಕೆ ಹಾಕಿದ್ದ ಗಂಟುಗಳೆಲ್ಲ ಸದ್ದಿಲ್ಲದೆ ಬಿಚ್ಚಿಹೋಗುತ್ತವೆ, ಮತ್ತೆ ಒಂದೊಂದಾಗಿ ಹಾಕಬೇಕು. ಟೈಲ್ಸ್‌ಗೆ ಹಾಕಿದ, ಬಣ್ಣಕ್ಕೆ ಹಾಕಿದ, ವೈರಿಗೆ ಹಾಕಿದ. ಬಾಗಿಲಿಗೆ ಹಾಕಲಿಲ್ಲ. ಮುಂದೆ ಕಾಯುವವರು ಯಾರೂ ಇಲ್ಲದ ಬಾಗಿಲಿಗೆ ಯಂತ್ರ ಉದಾರವಾಗಿ ಇನ್ನೂರ ಹನ್ನೆರಡು ದಿನ ಬಿಡುವು ಕೊಟ್ಟಿತು. ಇಪ್ಪತ್ತಾರು ವರ್ಷದಲ್ಲಿ ತನ್ನ ಕೈಕೆಳಗೆ ಬಂದ ಹುಡುಗ ಹುಡುಗಿಯರಿಗೆಲ್ಲ ಅವನು ಕಿವಿ ಹಿಂಡಿ ಹೇಳಿಕೊಟ್ಟಿದ್ದ ಮೊದಲ ಪಾಠವೇ ಇದು: ಮೊಟ್ಟಮೊದಲನೆಯದು, ಕಟ್ಟಕಡೆಯದು ಬಿಟ್ಟು ಪ್ರತಿಯೊಂದು ಕೆಲಸಕ್ಕೂ ಹಿಂದೊಬ್ಬರು ಮುಂದೊಬ್ಬರು ಇರಲೇಬೇಕು, ಸಾಲು ಅಳಿಸಿದ ದಿನ ಪರೀಕ್ಷೆ ಮಾಡದೆ ಮನೆಗೆ ಹೋಗಬಾರದು. ಆ ದಿನ ಅವನು ಪರೀಕ್ಷೆ ಮಾಡದೆ ಮನೆಗೆ ಹೋಗಿದ್ದ. ಯಾಕೆ ಹೋಗಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದ. ಜ್ವರವಿತ್ತೇ? ಯಾರಾದರೂ ಸತ್ತಿದ್ದರೇ? ಏನಾದರೂ ಒಂದು ಗೌರವದ ಕಾರಣ ಸಿಕ್ಕಿದ್ದರೆ ಚೆನ್ನಾಗಿತ್ತು. ನೆನಪಾದದ್ದು ಇಷ್ಟೇ: ಆ ದಿನ ಮಗಳು ಬರುವ ಮೊದಲೇ ಟಿವಿಯ ರಿಮೋಟ್ ಹಿಡಿದು ಕೂರಬೇಕೆಂದು ಬೇಗ ಹೊರಟಿದ್ದ. ರಿಮೋಟ್ ಸಿಕ್ಕಿತ್ತು ಕೂಡ.

ಆಮೇಲೆ ಮ್ಯಾನೇಜರ್ ಎಷ್ಟೋ ಸಲ ಕೇಳಿದ್ದುಂಟು. “ಬಾಗಿಲು ಆರ್ಡರ್ ಮಾಡೋಣ್ವೇನ್ರೀ?” ಇವನು ಪರದೆ ನೋಡಿ, “ಅದಕ್ಕೆ ಇನ್ನೂರು ದಿನ ಇದೆ ಸರ್, ಅವಸರ ಮಾಡ್ಬೇಡಿ” ಎನ್ನುತ್ತಿದ್ದ, ಅವಸರಪಡುವವರನ್ನು ಸಂತೈಸುವವನ ದೊಡ್ಡತನದಲ್ಲಿ. ನೋಡಲೆಂದು ತರಿಸಿದ ಮಾದರಿ ಬಾಗಿಲು ಆಫೀಸಿನ ಹಿಂದೆ ನಾಲ್ಕು ಇಟ್ಟಿಗೆಯ ಮೇಲೆ ಮಲಗಿ, ಕಾವಲುಗಾರರ ಊಟದ ಮೇಜಾಯಿತು. ಅದರ ಮೇಲೆ ಅವನೂ ಒಂದೆರಡು ಸಲ ಕೂತು ಪೇಪರ್ ಓದಿದ್ದಾನೆ. ಆರ್ಡರ್ ಹೋದದ್ದು ಏಳು ವಾರದ ಹಿಂದೆ.

ಈಗ ಅವನು ಬಾಗಿಲಿನ ಸಾಲಿನಿಂದ ಕಾರಿಡಾರಿನ ಎರಡು ಸಾಲಿಗೂ ಗಂಟು ಹಾಕಿ, ಲೆಕ್ಕ ಮಾಡು ಎಂದು ಗುಂಡಿ ಒತ್ತಿದ. ಪರದೆ ಒಮ್ಮೆ ಕಣ್ಣು ಮಿಟುಕಿಸಿತು. ಟೈಲ್ಸ್ ಹಸಿರಾಯಿತು, ಆರೂ ಮಹಡಿ, ಒಂದೇ ಏಟಿಗೆ. ಬಾಗಿಲು ಕೆಂಪಾಯಿತು. ಮೂಲೆಯಲ್ಲಿ ಕಟ್ಟಡ ಮುಗಿಯುವ ದಿನ ಜಾರಿ, ಹದಿನೆಂಟು ದಿನದ ತಡ ಐವತ್ತೊಂಬತ್ತು ದಿನದ ತಡವಾಯಿತು. ಅವನು ಬೆವರೊರೆಸಿಕೊಂಡು ಹಿಂದಕ್ಕೆ ಹೋಗುವ ಗುಂಡಿ ಒತ್ತಿದ. ಟೈಲ್ಸ್ ಕೆಂಪು, ಹದಿನೆಂಟು. ಮುಂದಕ್ಕೆ ಒತ್ತಿದ. ಹಸಿರು, ಐವತ್ತೊಂಬತ್ತು. ಹೀಗೆ ನಾಲ್ಕು ಸಲ ಮಾಡಿದ. ಒಬ್ಬ ಮನುಷ್ಯ ತಪ್ಪಿತಸ್ಥನಾಗುವುದು, ನಿರಪರಾಧಿಯಾಗುವುದು ಇಷ್ಟು ಸದ್ದಿಲ್ಲದೆ ನಡೆಯುತ್ತದಲ್ಲ ಎಂದು ಅವನಿಗೆ ದಿಗಿಲಾಯಿತು. ಅದಕ್ಕಿಂತ ದಿಗಿಲು, ಐದನೆಯ ಸಲ ಹಿಂದಕ್ಕೆ ಒತ್ತಿ ಅಲ್ಲಿಗೇ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು. ಮೇಸ್ತ್ರಿಯನ್ನು ತೆಗೆಯುತ್ತಾರೆ, ಹೊಸಬರು ಬರುತ್ತಾರೆ, ಹೊಸಬರು ಬಂದಾಗ ಎಲ್ಲಾ ಕಡೆಯೂ ತಡವಾಗುತ್ತದೆ. ಆ ಗದ್ದಲದಲ್ಲಿ ವಾರಕ್ಕೆ ನಾಲ್ಕು ದಿನದ ಹಾಗೆ ಬಾಗಿಲಿನ ತಡವನ್ನು ಹಾಲಿಗೆ ನೀರು ಬೆರೆಸಿದಂತೆ ಬೆರೆಸಿಬಿಡಬಹುದು. ಎಷ್ಟು ಸಲೀಸಾಗಿ ಹೊಳೆಯಿತು ಇದು. ಇಪ್ಪತ್ತಾರು ವರ್ಷದ ಅನುಭವ ಬೇಕಾದದ್ದು ಇದಕ್ಕೇ ಇರಬಹುದು.

“ಸರ್” ಎಂದಿತು ಬಾಗಿಲಲ್ಲಿ ಒಂದು ದನಿ. ಟೈಲ್ಸ್ ಮೇಸ್ತ್ರಿ ಚಪ್ಪಲಿ ಹೊರಗೆ ಬಿಟ್ಟು, ಸಿಮೆಂಟು ಮೆತ್ತಿದ ಪಾದದಲ್ಲಿ ಒಳಗೆ ಬಂದ. ಕೈಯಲ್ಲಿ ಕರಣೆ. ಟೈಲ್ಸ್ ಹಾಕಿದ ಮೇಲೆ ಕರಣೆಯ ಹಿಡಿಯಿಂದ ತಟ್ಟಿ, ಅಡಿಯಲ್ಲಿ ಎಲ್ಲಾದರೂ ಟೊಳ್ಳು ಉಳಿದಿದೆಯೋ ಎಂದು ಕಿವಿಗೊಟ್ಟು ಕೇಳುವುದು ಅವನ ಕೆಲಸ. ಆ ಚಾಳಿ ಹೆಚ್ಚಾಗಿ ಈಗ ಏನು ಕಂಡರೂ ತಟ್ಟುತ್ತಿದ್ದ. ಮೇಜಿನ ಅಂಚನ್ನು ಎರಡು ಸಲ ತಟ್ಟಿದ. “ಇವತ್ತು ಮೀಟಿಂಗಲ್ಲಿ ನನ್ನ ತೆಗೀತಾರಂತೆ, ಹೌದಾ ಸರ್?”

“ಯಾರು ಹೇಳಿದ್ರು ನಿಮ್ಗೆ?”

“ಬದಲಿಯವರು ಆಗ್ಲೇ ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ಅವರೇ ಹೇಳಿದ್ರು. ಒಳ್ಳೆಯವರು, ನೀರು ಬೇಕಾ ಅಂತ ಕೇಳ್ದೆ.” ಮೇಸ್ತ್ರಿ ಕತ್ತು ಉದ್ದ ಮಾಡಿ ಪರದೆ ನೋಡಿದ. ಅದೇ ಹೊತ್ತಿಗೆ ಅಲ್ಲಿ ಅವನ ಆರು ಮಹಡಿಯೂ ಹಚ್ಚ ಹಸಿರಾಗಿ ನಿಂತಿತ್ತು. “ಈ ಹಸಿರು ಯಾರದು ಸರ್?”

“ಬೇರೆಯವರದು” ಎಂದ ತಾರೀಖು. ನಾಲಿಗೆಗೆ ಇಷ್ಟು ಬೇಗ ಸುಳ್ಳು ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ.

“ಪುಣ್ಯವಂತರು” ಎಂದ ಮೇಸ್ತ್ರಿ. ಸ್ವಲ್ಪ ಹೊತ್ತು ಆ ಹಸಿರನ್ನೇ ನೋಡುತ್ತಾ ನಿಂತು, “ಐದನೇ ಮಹಡಿ ಶುರು ಮಾಡ್ತೀನಿ ಸರ್. ತೆಗೆಯೋ ತನಕ ಹಾಕ್ತಿರ್ತೀನಿ” ಎಂದು ಹೋದ. ನೆಲದ ಮೇಲೆ ಬಿಳಿ ಹೆಜ್ಜೆಗಳು ಉಳಿದವು. ತಾರೀಖು ಎದ್ದು ಅವನ್ನು ಹಳೆಯ ಹಾಳೆಯಿಂದ ಒರೆಸಿದ, ಒರೆಸಿದಷ್ಟೂ ಅಗಲವಾದವು.

ಫೋನ್ ಹೊಡೆದುಕೊಂಡಿತು. ಹೆಂಡತಿ. “ರೀ, ಇವಳ ಕಾಲೇಜಿಂದ ಒಂದು ಫಾರ್ಮ್ ಬಂದಿತ್ತು, ತಂದೆಯವರ ಸಹಿ ಬೇಕು ಅಂತ. ನಾನೇ ಹಾಕಿ ಕಳಿಸಿದೀನಿ. ಗೊತ್ತಿರ್ಲಿ ಅಂತ ಹೇಳ್ದೆ.” ಅವನು, “ಸಂಜೆ ನಾನೇ ಹಾಕ್ತಿದ್ನಲ್ಲೇ” ಎಂದ. “ಸಂಜೆ ತನಕ ಯಾರು ಕಾಯ್ತಾರೆ” ಎಂದು ಅವಳು ಇಟ್ಟಳು. ಸಿಟ್ಟಿನ ಮಾತಲ್ಲ ಅದು, ಸಿಟ್ಟು ಮಾಡುವಷ್ಟು ಪುರುಸೊತ್ತು ಅವಳಿಗೆ ಬೆಳಿಗ್ಗೆ ಹೊತ್ತು ಇರುವುದಿಲ್ಲ. ಒಂದು ಭಾನುವಾರ ಅವನು ಮನೆಯ ಬೆಳಗನ್ನು ಹೀಗೇ ಕಂಪ್ಯೂಟರಿಗೆ ತುಂಬಿಸಿದ್ದ. ಹಾಲು ಕಾಯಿಸುವುದು, ಗಿಡಕ್ಕೆ ನೀರು, ಮಗಳ ಸ್ನಾನ, ಇಸ್ತ್ರಿ, ಡಬ್ಬಿ, ಬೀಗ, ಒಟ್ಟು ಮೂವತ್ತೊಂದು ಕೆಲಸ. ಕೆಂಪು ಗೆರೆ ಹೆಂಡತಿ ಎದ್ದಾಗ ಶುರುವಾಗಿ ಹೆಂಡತಿ ಬೀಗ ಹಾಕಿದಾಗ ಮುಗಿಯಿತು, ಬಚ್ಚಲ ಬಾಗಿಲಲ್ಲಿ ಇವನಿಗಾಗಿ ಒಂದಿಷ್ಟು ಕಾದದ್ದು ಬಿಟ್ಟರೆ ನಡುವೆ ಎಲ್ಲೂ ಬೇರೆಯವರ ಸಾಲಿಗೆ ಹೊಗಲಿಲ್ಲ. ಕುತೂಹಲಕ್ಕೆ ತನ್ನ ಸಾಲುಗಳನ್ನೆಲ್ಲ ಅಳಿಸಿ ಲೆಕ್ಕ ಮಾಡಿಸಿದ. ಏಳು ಐವತ್ತಕ್ಕೆ ಬೀಳುತ್ತಿದ್ದ ಬೀಗ ಏಳು ನಲವತ್ತಾರಕ್ಕೆ ಬಿತ್ತು. ಹಿಂದೆ ಬಂದು ನಿಂತಿದ್ದ ಹೆಂಡತಿ ಒಂದು ಕ್ಷಣ ನೋಡಿ, “ಇದಕ್ಕೆ ಕಂಪ್ಯೂಟರ್ ಬೇಕಿತ್ತಾ?” ಎಂದು ಒಳಗೆ ಹೋಗಿದ್ದಳು. ಬಚ್ಚಲಿನಲ್ಲಿ ಆ ನಾಲ್ಕು ನಿಮಿಷವನ್ನು ಉಳಿಸಿಕೊಡಲು ಅವನು ವಾರವಿಡೀ ಬೇಗ ಬೇಗ ಹಲ್ಲುಜ್ಜಿದ್ದ, ಯಾರೂ ಗಮನಿಸಲಿಲ್ಲ.

ಮಧ್ಯಾಹ್ನವೆಲ್ಲ ಅವನು ಎರಡು ಭಾಷಣ ಸಿದ್ಧಮಾಡಿಕೊಂಡ. ಒಂದರಲ್ಲಿ ತಪ್ಪು ಯಂತ್ರದ್ದು. ಇನ್ನೊಂದರಲ್ಲಿ ತಪ್ಪು ತನ್ನದೇ, ಆದರೆ ಎಷ್ಟು ಗಂಭೀರವಾಗಿ, ಎಷ್ಟು ನೋವಿನಿಂದ ಅದನ್ನು ಒಪ್ಪಿಕೊಳ್ಳುತ್ತಾನೆಂದರೆ ಕೇಳಿದವರೆಲ್ಲ ಎದ್ದು ನಿಲ್ಲಬೇಕು, ಮೇಸ್ತ್ರಿ ಬಂದು ಎರಡೂ ಕೈ ಹಿಡಿದುಕೊಳ್ಳಬೇಕು. ಆ ಕೈ ಹಿಡಿಯುವ ಜಾಗಕ್ಕೆ ಬಂದಾಗ ಅವನು ನಿಜಕ್ಕೂ ಕಣ್ಣೊರೆಸಿಕೊಂಡ. ಕೂಡಲೇ ನಾಚಿಕೆಯಾಯಿತು. ಏಳು ತಿಂಗಳು ಒಬ್ಬನ ಮಾನ ತೆಗೆದು, ಕೊನೆಗೆ ಅವನಿಂದಲೇ ಕೃತಜ್ಞತೆಯನ್ನೂ ವಸೂಲಿ ಮಾಡುವ ಏರ್ಪಾಡು. ನಾಲ್ಕಕ್ಕೆ ಐದು ನಿಮಿಷವಿರುವಾಗ ಅವನು ಹಾಳೆಯನ್ನು ಅಚ್ಚಿಗೆ ಕೊಟ್ಟ. ಕೊಡುವಾಗ ಪರದೆಯ ಮೇಲೆ ಹಸಿರಿತ್ತೋ ಕೆಂಪಿತ್ತೋ ಎಂದು ನೋಡದೆ ಕೊಡಬೇಕೆಂದು ಕಣ್ಣು ಮುಚ್ಚಿದ್ದ. ಆದರೆ ಮುಚ್ಚುವ ಮೊದಲು ನೋಡಿಬಿಟ್ಟಿದ್ದ.

ಮೀಟಿಂಗ್ ಕೋಣೆಯಲ್ಲಿ ಮ್ಯಾನೇಜರ್, ಆಸ್ಪತ್ರೆಯ ಕಡೆಯಿಂದ ಒಬ್ಬ ಡಾಕ್ಟರಮ್ಮ, ಗೋಡೆಗೊರಗಿ ನಿಂತ ಮೇಸ್ತ್ರಿ. ಕುರ್ಚಿ ಖಾಲಿಯಿದ್ದವು, ಆದರೆ ಕೂತುಕೋ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಮ್ಯಾನೇಜರ್ ಪತ್ರ ತೆಗೆದ, ಪೆನ್ನಿನ ಮುಚ್ಚಳ ತೆಗೆದ, “ಹಾಳೆ ಕೊಡ್ರೀ” ಎಂದು ಕೈ ಚಾಚಿದ. ನೋಡಿ ತಲೆಕೆಳಗು ಮಾಡಿದ. ಮತ್ತೆ ನೆಟ್ಟಗೆ ಮಾಡಿದ. “ಏನ್ರೀ ಇದು, ಬಣ್ಣ ಖಾಲಿಯಾಗಿದ್ಯಾ ಪ್ರಿಂಟರ್‌ನಲ್ಲಿ?”

“ಇಲ್ಲ ಸರ್. ಕೆಂಪು ಗೆರೆ ಅಂದ್ರೆ ಸರ್, ಅದು ಮೂಲತಃ...”

“ಪಾಠ ಬೇಡ. ಟೈಲ್ಸ್ ಯಾಕೆ ಹಸಿರಾಗಿದೆ?”

ಎರಡೂ ಭಾಷಣಗಳು ಒಟ್ಟಿಗೆ ಮರೆತುಹೋದವು. “ತಪ್ಪು ನಂದು ಸರ್” ಎಂದ ತಾರೀಖು. “ಬಾಗಿಲಿಗೆ ಗಂಟು ಹಾಕೋದು ಮರ್ತಿದ್ದೆ. ಏಳು ತಿಂಗಳಿಂದ. ಟೈಲ್ಸ್‌ನಿಂದ ತಡ ಆಗ್ತಿಲ್ಲ. ಮೇಸ್ತ್ರೀನ ತೆಗೆದ್ರೂ ಇಟ್ರೂ ಬಾಗಿಲು ಬರೋ ತನಕ ಕಟ್ಟಡ ಮುಗಿಯಲ್ಲ.”

“ಎಷ್ಟು?”

“ಐವತ್ತೊಂಬತ್ತು ದಿನ ತಡ.”

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, “ಅಂದ್ರೆ ಏಳು ತಿಂಗಳು ಹೊಟ್ಟೆನೋವಿಗೆ ಮಂಡಿಗೆ ಇಂಜೆಕ್ಷನ್ ಕೊಟ್ಟಿದ್ದೀರ” ಎಂದರು. ಕೋಪಕ್ಕಿಂತ ಹೆಚ್ಚಾಗಿ ವೃತ್ತಿಯ ಕುತೂಹಲದಿಂದ ಅಂದ ಹಾಗಿತ್ತು. ಮ್ಯಾನೇಜರ್‌ನ ಮುಖ ಮಾತ್ರ ತಾರೀಖು ಎಣಿಸಿದ ಬಣ್ಣಕ್ಕೇ ಬಂತು.

“ಹಾಗಾದ್ರೆ ಈಗ ನಾನು ಯಾರನ್ನ ಬೈಬೇಕ್ರೀ?”

“ನನ್ನನ್ನೇ ಸರ್.”

“ನಿಮ್ಮನ್ನ ಬೈದ್ರೆ ಬಾಗಿಲು ಬರುತ್ತಾ?”

“ಇಲ್ಲ ಸರ್.”

“ಮೇಸ್ತ್ರೀನ ಬೈದ್ರೆ ದಿನಕ್ಕೆ ನಾಲ್ಕು ಮೀಟರ್ ಜಾಸ್ತಿ ಬರ್ತಿತ್ತಲ್ರೀ” ಎಂದ ಮ್ಯಾನೇಜರ್. ಕೈಯಲ್ಲಿದ್ದ ಒಳ್ಳೆಯ ಉಪಕರಣವೊಂದನ್ನು ಯಾರೋ ಕಿತ್ತುಕೊಂಡ ಸಂಕಟ ಅವನ ದನಿಯಲ್ಲಿತ್ತು. ಆಮೇಲೆ ಅವನು ಹೇಳಿದ್ದನ್ನೆಲ್ಲ ಇಲ್ಲಿ ಹೇಳುವಂತಿಲ್ಲ. ಡಾಕ್ಟರಮ್ಮ ಮತ್ತೆ ಕನ್ನಡಕ ಹಾಕಿಕೊಂಡು ಕಿಟಕಿಯ ಕಡೆ ನೋಡುತ್ತಾ ಕೂತರು. ಕೊನೆಗೆ ತೀರ್ಮಾನವಾದದ್ದು ಮೂರು ಮಾತಿನಲ್ಲಿ: ಪತ್ರ ರದ್ದು, ಬೆಂಚಿನ ಮೇಲೆ ಕೂತವರನ್ನು ವಾಪಸ್ ಕಳಿಸುವುದು, ನಾಳೆ ಬೆಳಿಗ್ಗೆಯಿಂದ ತಾರೀಖು ಬಾಗಿಲಿನ ಫ್ಯಾಕ್ಟರಿಗೆ ಹೋಗಿ, ಕೊನೆಯ ಬಾಗಿಲು ಲಾರಿ ಹತ್ತುವ ತನಕ ಅಲ್ಲೇ ಒಂದು ಸ್ಟೂಲ್ ಹಾಕಿಕೊಂಡು ಕೂತಿರಬೇಕು. “ಲ್ಯಾಪ್‌ಟಾಪ್ ತಗೊಂಡು ಹೋಗ್ಬೇಡಿ” ಎಂದ ಮ್ಯಾನೇಜರ್.

ಕೋಣೆಯಿಂದ ಹೊರಬಿದ್ದಾಗ ತಾರೀಖಿನ ಮನಸ್ಸು ಹಗುರಾಗಿತ್ತು. ಜೊತೆಗೆ, ಹೇಳಿಕೊಳ್ಳಲು ನಾಚಿಕೆಯಾದರೂ, ಸ್ವಲ್ಪ ಖುಷಿಯೂ ಇತ್ತು. ನಾಳೆಯಿಂದ ಎಲ್ಲರೂ ಫೋನ್ ಮಾಡುವುದು ತನಗೇ. ಮೆಟ್ಟಿಲಿನ ತಿರುವಿನಲ್ಲಿ ಮೇಸ್ತ್ರಿ ಕಾಯುತ್ತಿದ್ದ. ತಾರೀಖು ನಿಂತ. ಕೈ ಹಿಡಿದುಕೊಳ್ಳಲು ಬಂದರೆ ಬೇಡ ಬೇಡ ಎನ್ನಬೇಕು ಎಂದುಕೊಂಡ.

ಮೇಸ್ತ್ರಿ ಕರಣೆಯ ಹಿಡಿಯಿಂದ ಮೆಟ್ಟಿಲ ಕಲ್ಲನ್ನು ತಟ್ಟಿದ. “ನಂಗೀಗ ಎಷ್ಟು ದಿನ ಇದೆ ಸರ್?”

“ನಲವತ್ತೊಂದು. ನೀವು ನಲವತ್ತೊಂದು ದಿನ ನಿಧಾನ ಮಾಡಿದ್ರೂ ಏನೂ ಆಗಲ್ಲ ಮೇಸ್ತ್ರಿ. ಭಾನುವಾರ ಮನೇಲಿರಿ. ನೆಮ್ಮದಿಯಾಗಿ ಮಾಡಿ.”

“ಏನೂ ಆಗಲ್ವಾ?”

“ಏನೂ ಆಗಲ್ಲ.”

ಮೇಸ್ತ್ರಿ ಆ ಮಾತನ್ನು ಕಿವಿಗೊಟ್ಟು ಕೇಳಿದ. “ಅಂದ್ರೆ ನಾಳೆಯಿಂದ ಯಾರೂ ಬರಲ್ಲ ಅನ್ನಿ.”

“ಯಾರು?”

“ಎಲ್ಲರೂ. ಬೆಳಿಗ್ಗೆ ನಾನು ಬರೋ ಮೊದ್ಲೇ ಮ್ಯಾನೇಜರ್ ಬಂದು ನಿಂತಿರ್ತಿದ್ರು. ನೀರು ಮೊದ್ಲು ನಂಗೆ, ಲಿಫ್ಟ್ ಮೊದ್ಲು ನಂಗೆ, ಕರೆಂಟ್ ಹೋದ್ರೆ ಜನರೇಟರ್ ಲೈನ್ ನಂಗೆ. ಬೈತಿದ್ರು ಸರ್, ಇಲ್ಲ ಅನ್ನಲ್ಲ, ರಾತ್ರಿ ಊಟ ಸೇರ್ತಿರ್ಲಿಲ್ಲ. ಆದ್ರೆ ಮನೇಲಿ ಹೇಳಿದ್ದೆ, ನಾನು ಮುಗಿಸದಿದ್ರೆ ಆ ಆಸ್ಪತ್ರೆ ತೆರೆಯೋ ಹಾಗೇ ಇಲ್ಲ ಅಂತ. ಮೂವತ್ತು ವರ್ಷ ಈ ಕೆಲ್ಸ ಮಾಡ್ದೆ, ಒಂದು ಕಟ್ಟಡ ನನಗೋಸ್ಕರ ಕಾದಿದ್ದು ಇದೇ ಮೊದ್ಲು.” ಅವನು ಕರಣೆಯನ್ನು ಬಟ್ಟೆಗೆ ಒರೆಸಿಕೊಂಡ. “ನಿಮ್ಮ ತಪ್ಪು ಅಂತ ನಂಗೆ ಬೇಜಾರಿಲ್ಲ ಸರ್. ಏಳು ತಿಂಗಳು ನಾನೇನೂ ಆಗಿರ್ಲಿಲ್ಲ ಅಂತ ಎಲ್ಲರೆದುರು ಹೇಳಿದ್ರಲ್ಲ, ಅದಕ್ಕೆ.”

ತಾರೀಖು ಇಪ್ಪತ್ತಾರು ವರ್ಷ ಜನರಿಗೆ ಬಿಡುವು ಹಂಚಿದ್ದ. ಅದು ಬೇಡವೆಂದು ಯಾರೂ ಹಿಂದಿರುಗಿಸಿರಲಿಲ್ಲ, ಅಥವಾ ಇವನು ನಿಂತು ಕೇಳಿಸಿಕೊಂಡಿರಲಿಲ್ಲ. ಈ ಮನುಷ್ಯನ ಹೆಗಲ ಮೇಲೆ ಕೈಯಿಡೋಣ ಎನ್ನಿಸಿತು, ಆದರೆ ಅವನಿಗೆ ಬೇಕಾದದ್ದು ಅದಲ್ಲ ಎಂದೂ ಗೊತ್ತಾಯಿತು. ಬದಲಿಗೆ ದನಿ ಗಡುಸು ಮಾಡಿಕೊಂಡ.

“ಐದನೇ ಮಹಡಿ ಯಾವಾಗ ಮುಗಿಯುತ್ತೆ?”

ಮೇಸ್ತ್ರಿ ತಲೆಯೆತ್ತಿ ನೋಡಿದ. “ಹತ್ತು ದಿನ ಬೇಕು.”

“ಹತ್ತು ದಿನ ಕೊಡೋಕಾಗಲ್ಲ.”

“ನಲವತ್ತೊಂದಿದೆ ಅಂದ್ರಿ.”

“ಅದು ಬೇರೆ. ಎಂಟು ದಿನದಲ್ಲಿ ಆಗ್ಬೇಕು.”

“ಎಂಟು ಹೇಗಾಗುತ್ತೆ ಸರ್, ಅಂಚು ಕೊಯ್ಯೋದೇ ಮೂರು ದಿನ ಹಿಡಿಯುತ್ತೆ. ಒಂಬತ್ತು ಮಾಡಿ.”

“ಎಂಟು ಅಂದ್ರೆ ಎಂಟು ಮೇಸ್ತ್ರಿ. ನಾಳೆ ಬೆಳಿಗ್ಗೆ ಎಂಟಕ್ಕೆ ಫ್ಯಾಕ್ಟ್ರಿಯಿಂದ ಫೋನ್ ಮಾಡ್ತೀನಿ, ಎಷ್ಟು ಮೀಟರ್ ಆಯ್ತು ಅಂತ ಲೆಕ್ಕ ಕೊಡ್ಬೇಕು ನಂಗೆ.” ಅವನ ದನಿ ತಾನೆಣಿಸಿದ್ದಕ್ಕಿಂತ ಜೋರಾಗಿ ಬಂತು. ಕೆಳಗಿನ ಮಹಡಿಯಲ್ಲಿ ವೈರು ಎಳೆಯುತ್ತಿದ್ದ ಇಬ್ಬರು ಕತ್ತೆತ್ತಿ ನೋಡಿದರು.

ಮೇಸ್ತ್ರಿ ಅವರು ನೋಡುತ್ತಿರುವುದನ್ನು ನೋಡಿದ. “ಬೈದ್ರೆ ಟೈಲ್ಸ್ ತಾನಾಗಿ ಹೋಗಿ ಕೂತ್ಕೊಳ್ಳಲ್ಲ ಸರ್” ಎಂದು ಅವರಿಗೂ ಕೇಳಿಸುವಂತೆ ಗೊಣಗಿ, ಐದನೆಯ ಮಹಡಿಯ ಕಡೆಗೆ ಬೇಗ ಬೇಗ ಮೆಟ್ಟಿಲು ಹತ್ತಿದ.